ಮೊದಲ ಸ್ಥಿತಿಗೆ ಮರಳುವ ಮುನ್ನ

ಸಂಗೀತ ಕಛೇರಿ ಆರಂಭವಾಗುವ ಮೊದಲು ಗಾಯಕನು ತಂಬೂರಿಯ ತಂತಿಗಳನ್ನು ಮತ್ತೆ ಶ್ರುತಿಗೆ ತರುತ್ತಾನೆ. ವ್ಯಾಪಾರಿಯು ಸಾಮಾನು ತೂಗುವ ಮೊದಲು ಬರಿದಾದ ತಕ್ಕಡಿಯ ಎರಡು ತಟ್ಟೆಗಳೂ ಸಮವಾಗಿ ನಿಂತಿವೆಯೇ ಎಂದು ನೋಡಿಕೊಳ್ಳುತ್ತಾನೆ. ಸುಗ್ಗಿ ಮುಗಿದ ಮೇಲೆ ರೈತನು ಹರಿದ ಬದುಗಳನ್ನು ಕಟ್ಟಿ, ಹೊಲವನ್ನು ಮುಂದಿನ ಬಿತ್ತನೆಗೆ ಹದಗೊಳಿಸುತ್ತಾನೆ. ಬಳಕೆಯಿಂದ ಏರುಪೇರಾದುದನ್ನು ಸರಿಪಡಿಸಿ, ನಂಬಬಹುದಾದ ಒಂದು ಆರಂಭದ ನೆಲೆಗೆ ಮರಳುವುದು ಮಾನವನು ಬಹು ಹಿಂದೆಯೇ ಕಲಿತ ಜಾಣ್ಮೆ. ಈ ಜಾಣ್ಮೆಯನ್ನು ಅವನು ತಾನು ನಿರ್ಮಿಸಿದ ಗಣಕಯಂತ್ರಗಳಿಗೂ ಕಲಿಸಿದ್ದಾನೆ.

ಗಣಕಯಂತ್ರವಾಗಲಿ, ಮೊಬೈಲ್ ಫೋನಾಗಲಿ, ಅಂತರಜಾಲದಲ್ಲಿ ಕಾಣುವ ಜಾಲತಾಣವಾಗಲಿ ನಮ್ಮ ಕೈಗೆ ಬರುವಾಗಲೇ ಕೆಲವು ಏರ್ಪಾಡುಗಳನ್ನು ಹೊತ್ತು ಬರುತ್ತದೆ. ಅಕ್ಷರಗಳ ಗಾತ್ರ ಎಷ್ಟು, ಬಣ್ಣ ಯಾವುದು, ಭಾಷೆ ಯಾವುದು, ಗಡಿಯಾರ ಯಾವ ದೇಶದ ಸಮಯವನ್ನು ತೋರಿಸಬೇಕು ಎಂಬುದನ್ನೆಲ್ಲ ಅದನ್ನು ಸಿದ್ಧಪಡಿಸಿದವರು ಮೊದಲೇ ನಿರ್ಧರಿಸಿರುತ್ತಾರೆ. ಬಳಸುವವನು ಬೇರೇನನ್ನೂ ಹೇಳದಿದ್ದರೆ ಯಂತ್ರವು ಆ ನಿರ್ಧಾರದಂತೆಯೇ ನಡೆಯುತ್ತದೆ. ಇದಕ್ಕೆ ಇಂಗ್ಲಿಷಿನಲ್ಲಿ 'ಡೀಫಾಲ್ಟ್' ಎನ್ನುತ್ತಾರೆ. ಆ ಶಬ್ದದ ಮೂಲಾರ್ಥ 'ಕೊರತೆ' ಅಥವಾ 'ತಪ್ಪುವಿಕೆ' ಎಂದು. ಪಡೆದ ಸಾಲವನ್ನು ತೀರಿಸದೆ ತಪ್ಪುವುದಕ್ಕೂ ಇದೇ ಶಬ್ದವನ್ನು ಬಳಸುವುದುಂಟು. ಬಳಸುವವನ ಆಯ್ಕೆ ಎಂಬುದು ಇಲ್ಲದಿರುವಾಗ, ಆ ಕೊರತೆಯನ್ನು ತುಂಬಲು ಮೊದಲೇ ಇಟ್ಟಿರುವ ಏರ್ಪಾಡು ಎಂದು ಇಲ್ಲಿ ಅರ್ಥ ಮಾಡಿಕೊಳ್ಳಬೇಕು. ಆಮೇಲೆ ಮಾಡಿದ ಬದಲಾವಣೆಗಳನ್ನೆಲ್ಲ ತೆಗೆದುಹಾಕಿ ಈ ಮೊದಲ ಏರ್ಪಾಡಿಗೆ ಮರಳುವ ಕ್ರಿಯೆಗೆ 'ರೀಸೆಟ್' ಎಂದು ಹೆಸರು.

ರೀಸೆಟ್ ಮಾಡುವುದು ಬಹು ಸುಲಭ. ಒಂದು ಗುಂಡಿಯನ್ನು ಒತ್ತಿದರೆ ಸಾಕು. ಆದರೆ ಆ ಗುಂಡಿಯನ್ನು ಒತ್ತಿದಾಗ ಯಾವುದು ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂಬುದನ್ನು ತಿಳಿಯುವುದು ಅಷ್ಟು ಸುಲಭವಲ್ಲ. ಒಂದು ಶಾಲೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಶಾಲೆಗೆ ಕಟ್ಟಡವಿದೆ, ವೇಳಾಪಟ್ಟಿಯೂ ನಿಯಮಗಳೂ ಇವೆ, ಮಕ್ಕಳು ವರ್ಷಗಟ್ಟಲೆ ಬರೆದ ಪುಸ್ತಕಗಳೂ ಹಾಜರಿಯ ದಾಖಲೆಗಳೂ ಇವೆ. ವೇಳಾಪಟ್ಟಿಯನ್ನು ಹಳೆಯ ಕ್ರಮಕ್ಕೆ ತಂದರೆ ಮಕ್ಕಳು ಬರೆದುದು ನಾಶವಾಗುವುದಿಲ್ಲ. ಆದರೆ ಶಾಲೆಯನ್ನು ಉದ್ಘಾಟನೆಯ ದಿನ ಇದ್ದಂತೆಯೇ ಮಾಡಬೇಕೆಂದು ಹೊರಟರೆ ಕಪಾಟುಗಳೆಲ್ಲ ಬರಿದಾಗಬೇಕಾಗುತ್ತದೆ. ಜಾಲತಾಣಕ್ಕೂ ಹೀಗೆಯೇ ಮೂರು ಭಾಗಗಳುಂಟು. ಅದನ್ನು ನಡೆಸುವ ತಂತ್ರಾಂಶ ಒಂದು. ಅದರ ರೂಪವನ್ನೂ ನಡವಳಿಕೆಯನ್ನೂ ನಿರ್ಧರಿಸುವ ಏರ್ಪಾಡುಗಳು ಎರಡನೆಯದು. ಅದರಲ್ಲಿ ಜನರು ಬರೆದ ಬರಹ, ಸೇರಿಸಿದ ಚಿತ್ರಗಳು ಮೂರನೆಯದು. ಮೊದಲನೆಯದನ್ನು ಮತ್ತೆ ತಂದುಕೊಳ್ಳಬಹುದು. ಎರಡನೆಯದನ್ನು ಶ್ರಮಪಟ್ಟು ಮತ್ತೆ ಹೊಂದಿಸಬಹುದು. ಮೂರನೆಯದು ಒಮ್ಮೆ ಹೋದರೆ ಹೋಯಿತು. ಅದನ್ನು ಯಾವ ಕಾರ್ಖಾನೆಯೂ ಮರಳಿ ಕೊಡಲಾರದು.

ಮೊಬೈಲ್ ಫೋನಿನಲ್ಲಿಯೂ ಈ ಭೇದವನ್ನು ಕಾಣಬಹುದು. ಏರ್ಪಾಡುಗಳನ್ನು ಮಾತ್ರ ಮೊದಲಿನಂತೆ ಮಾಡುವ ಆಯ್ಕೆ ಬೇರೆ. ಒಳಗಿರುವುದನ್ನೆಲ್ಲ ಅಳಿಸಿ ಫೋನನ್ನು ಹೊಸದರಂತೆ ಮಾಡುವ ಆಯ್ಕೆ ಬೇರೆ. ಎರಡೂ ಹತ್ತಿರ ಹತ್ತಿರದಲ್ಲಿಯೇ ಇರುತ್ತವೆ. ಓದದೆ ಒತ್ತಿದವನು ತನ್ನ ಚಿತ್ರಗಳನ್ನು ಕಳೆದುಕೊಳ್ಳುತ್ತಾನೆ.

ಹಾಗಾದರೆ ಮೊದಲ ಸ್ಥಿತಿಗೆ ಮರಳುವ ಸರಿಯಾದ ಕ್ರಮ ಯಾವುದು? ಇದಕ್ಕೆ ಉತ್ತರ ಹೇಳಬಲ್ಲ ಒಂದು ಪ್ರಸಂಗವು ಭೂಮಿಯಿಂದ ಬಹು ದೂರದಲ್ಲಿ, ಮಂಗಳ ಗ್ರಹದ ಮೇಲೆ ನಡೆಯಿತು.

ಅಮೆರಿಕದ ಬಾಹ್ಯಾಕಾಶ ಸಂಸ್ಥೆಯಾದ ನಾಸಾ 2003ರಲ್ಲಿ ಮಂಗಳನತ್ತ ಎರಡು ಅವಳಿ ರೋವರುಗಳನ್ನು ಕಳುಹಿಸಿತು. ರೋವರೆಂದರೆ ನೆಲದ ಮೇಲೆ ಚಲಿಸುತ್ತ ಶೋಧನೆ ನಡೆಸುವ ಗಾಲಿಯಂತ್ರ. ಒಂದರ ಹೆಸರು ಸ್ಪಿರಿಟ್, ಇನ್ನೊಂದರ ಹೆಸರು ಆಪರ್ಚುನಿಟಿ. ಪ್ರತಿಯೊಂದಕ್ಕೂ ಆರು ಗಾಲಿಗಳು. ಬೆನ್ನಿನ ಮೇಲೆ ಬಿಸಿಲಿನಿಂದ ವಿದ್ಯುತ್ತನ್ನು ಪಡೆಯುವ ಫಲಕಗಳು. ಮಂಗಳನ ಮೇಲೆ ಅವು ತೊಂಬತ್ತು ದಿನ ಕೆಲಸ ಮಾಡಿದರೆ ಸಾಕೆಂದು ಯೋಜಿಸಲಾಗಿತ್ತು. 2004ರ ಜನವರಿ 4ರಂದು ಸ್ಪಿರಿಟ್ ಮಂಗಳನ ಗೂಸೆವ್ ಎಂಬ ಕುಳಿಯಲ್ಲಿ ಸುರಕ್ಷಿತವಾಗಿ ಇಳಿಯಿತು.

ಈ ರೋವರುಗಳ ನೆನಪಿನ ವ್ಯವಸ್ಥೆಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಅವುಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಸ್ಮೃತಿಕೋಶಗಳಿದ್ದವು. ಒಂದು, ವಿದ್ಯುತ್ತು ಇರುವವರೆಗೆ ಮಾತ್ರ ನೆನಪಿಟ್ಟುಕೊಳ್ಳುವ 'ರ್‍ಯಾಮ್'. ಅದರ ಅಳತೆ 128 ಮೆಗಾಬೈಟು. ಮತ್ತೊಂದು, ವಿದ್ಯುತ್ತು ನಿಂತರೂ ನೆನಪನ್ನು ಉಳಿಸಿಕೊಳ್ಳುವ 'ಫ್ಲ್ಯಾಷ್'. ಅದರ ಅಳತೆ 256 ಮೆಗಾಬೈಟು. ಇಂದಿನ ಸಾಮಾನ್ಯ ಮೊಬೈಲ್ ಫೋನಿನಲ್ಲಿ ಇದರ ನೂರಾರು ಪಟ್ಟು ಸ್ಥಳವಿರುತ್ತದೆ. ಮೊದಲನೆಯದು ಹಲಗೆಯ ಮೇಲಿನ ಬರಹದಂತೆ, ಎರಡನೆಯದು ಪುಸ್ತಕದಲ್ಲಿನ ಬರಹದಂತೆ ಎನ್ನಬಹುದು. ರಾತ್ರಿ ರೋವರ್ ನಿದ್ರೆಗೆ ಜಾರಿದಾಗ ಹಲಗೆ ಅಳಿಸಿಹೋಗುತ್ತಿತ್ತು, ಪುಸ್ತಕ ಉಳಿಯುತ್ತಿತ್ತು. ಮಂಗಳನ ಸೂರ್ಯೋದಯದ ಬಳಿಕ ಎಚ್ಚೆತ್ತಾಗ ಅದು ಪುಸ್ತಕವನ್ನು ತೆರೆದು ತನ್ನ ಕೆಲಸವನ್ನು ಮುಂದುವರಿಸುತ್ತಿತ್ತು.

ಜನವರಿ 21ರಂದು ಸ್ಪಿರಿಟ್ ಒಂದು ಬಂಡೆಯನ್ನು ಪರೀಕ್ಷಿಸಲು ಸಿದ್ಧವಾಗುತ್ತಿದ್ದಾಗ ಅದರ ಮಾತು ಹಠಾತ್ತನೆ ಕಟ್ಟಿತು. ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿರುವ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ಕುಳಿತಿದ್ದ ತಂತ್ರಜ್ಞರಿಗೆ ಆಗೊಮ್ಮೆ ಈಗೊಮ್ಮೆ ಕ್ಷೀಣವಾದ ಸಂಕೇತಗಳ ಹೊರತು ಬೇರೇನೂ ದೊರೆಯಲಿಲ್ಲ. ಅವಳಿ ರೋವರ್ ಆಪರ್ಚುನಿಟಿ ಮಂಗಳನ ಮೇಲೆ ಇಳಿಯಲು ಇನ್ನು ಕೆಲವೇ ದಿನಗಳು ಉಳಿದಿದ್ದವು. ಒಂದರಲ್ಲಿರುವ ದೋಷ ಇನ್ನೊಂದರಲ್ಲಿಯೂ ಇದ್ದರೆ ಗತಿಯೇನು? ಯಂತ್ರದ ಬಳಿಗೆ ಹೋಗಿ ನೋಡುವಂತಿಲ್ಲ. ಇಲ್ಲಿಂದ ಹೊರಟ ರೇಡಿಯೋ ಸಂಕೇತ ಅಲ್ಲಿಗೆ ತಲುಪಲು ಆಗ ಸುಮಾರು ಹತ್ತು ನಿಮಿಷ ಬೇಕಾಗಿತ್ತು. ಉತ್ತರ ಬರಲು ಮತ್ತೆ ಅಷ್ಟೇ ಕಾಲ.

ದೊರೆತ ಅಲ್ಪಸ್ವಲ್ಪ ಮಾಹಿತಿಯಿಂದಲೇ ತಂತ್ರಜ್ಞರು ರೋಗವನ್ನು ಗುರುತಿಸತೊಡಗಿದರು. ಸ್ಪಿರಿಟ್ ಸತ್ತಿರಲಿಲ್ಲ. ಅದು ತನ್ನನ್ನು ತಾನೇ ರೀಸೆಟ್ ಮಾಡಿಕೊಳ್ಳುತ್ತಿತ್ತು. ಒಂದೆರಡು ಸಲವಲ್ಲ, ಅರವತ್ತಕ್ಕೂ ಹೆಚ್ಚು ಸಲ. ಕಾರಣ ಹೀಗಿತ್ತು: ಎಚ್ಚೆತ್ತಾಗಲೆಲ್ಲ ಅದು ಫ್ಲ್ಯಾಷಿನಲ್ಲಿರುವ ಎಲ್ಲ ಕಡತಗಳ ಪಟ್ಟಿಯನ್ನು ರ್‍ಯಾಮಿಗೆ ತಂದುಕೊಳ್ಳುತ್ತಿತ್ತು. ಏಳು ತಿಂಗಳ ಪ್ರಯಾಣದಲ್ಲಿ ಹುಟ್ಟಿದ ಕಡತಗಳೂ ಮಂಗಳನ ಮೇಲೆ ಹುಟ್ಟಿದ ಕಡತಗಳೂ ಸೇರಿ ಆ ಪಟ್ಟಿ ಬಹಳ ಉದ್ದವಾಗಿಬಿಟ್ಟಿತ್ತು. ಅದಕ್ಕೆಂದು ಗೊತ್ತುಮಾಡಿದ ಸ್ಥಳ ಸಾಲದಾಯಿತು. ಸ್ಥಳ ಸಾಲದೆ ಗಣಕವು ಎಡವಿತು. ಎಡವಿದ್ದರಿಂದ ರೀಸೆಟ್ ಆಯಿತು. ರೀಸೆಟ್ ಆದಮೇಲೆ ಮತ್ತೆ ಅದೇ ಉದ್ದವಾದ ಪಟ್ಟಿಯನ್ನು ಓದಲು ಹೋಗಿ ಮತ್ತೆ ಎಡವಿತು. ಗಾಣದ ಎತ್ತಿನಂತೆ ಅದು ಸುತ್ತಿದಲ್ಲಿಯೇ ಸುತ್ತುತ್ತಿತ್ತು. ಈ ಗೊಂದಲದಲ್ಲಿ ರಾತ್ರಿ ನಿದ್ರೆ ಮಾಡುವುದನ್ನೂ ಅದು ಮರೆತಿತ್ತು. ಹೀಗೆಯೇ ಬಿಟ್ಟರೆ ಬ್ಯಾಟರಿ ಬರಿದಾಗಿ ಯಂತ್ರ ನಿಜವಾಗಿಯೂ ಸಾಯುವ ಅಪಾಯವಿತ್ತು.

ಇಲ್ಲಿ ಒಂದು ಮುಖ್ಯವಾದ ಪಾಠವಿದೆ. ಮರಳಿ ಆರಂಭಿಸಿದ ಮಾತ್ರಕ್ಕೆ ದೋಷ ಹೋಗುವುದಿಲ್ಲ. ಎಡವಿದ ಕಲ್ಲು ದಾರಿಯಲ್ಲಿಯೇ ಉಳಿದಿದ್ದರೆ ಎಷ್ಟು ಸಲ ಹಿಂದಕ್ಕೆ ಹೋಗಿ ನಡೆದು ಬಂದರೂ ಮತ್ತೆ ಅದೇ ಕಲ್ಲಿಗೆ ಎಡವಬೇಕಾಗುತ್ತದೆ.

ತಂತ್ರಜ್ಞರು ಅವಸರಪಡಲಿಲ್ಲ. ಫ್ಲ್ಯಾಷನ್ನು ಮುಟ್ಟದೆ, ರ್‍ಯಾಮ್ ಒಂದನ್ನೇ ನಂಬಿ ಎಚ್ಚರಗೊಳ್ಳುವಂತೆ ಸ್ಪಿರಿಟ್‌ಗೆ ಆಜ್ಞೆ ಕಳುಹಿಸಿದರು. ಯಂತ್ರವನ್ನು ರೂಪಿಸುವಾಗಲೇ ಕಷ್ಟಕಾಲಕ್ಕೆಂದು ಇಂತಹ ಒಂದು ಸರಳ ಸ್ಥಿತಿಯನ್ನು ಅದರಲ್ಲಿ ಇಡಲಾಗಿತ್ತು. ಆಜ್ಞೆ ಫಲಿಸಿತು. ರೋವರ್ ಶಾಂತವಾಗಿ ಎಚ್ಚೆತ್ತು ಮಾತನಾಡಿತು. ಆಮೇಲೆ ಅದರ ನೆನಪಿನಲ್ಲಿದ್ದ ಬೇಕಾದ ಮಾಹಿತಿಯನ್ನು ಭೂಮಿಗೆ ತರಿಸಿಕೊಂಡು, ಬೇಡವಾದ ಕಡತಗಳನ್ನು ಅಳಿಸಿ, ಫೆಬ್ರವರಿ ತಿಂಗಳ ಮೊದಲ ವಾರದಲ್ಲಿ ಫ್ಲ್ಯಾಷನ್ನು ಪೂರ್ತಿಯಾಗಿ ಹೊಸದಾಗಿ ಸಿದ್ಧಪಡಿಸಲಾಯಿತು. ಅಷ್ಟರಲ್ಲಿ ಜನವರಿ 25ರಂದು ಆಪರ್ಚುನಿಟಿಯೂ ಸುರಕ್ಷಿತವಾಗಿ ಇಳಿದಿತ್ತು. ಕಡತಗಳು ಮಿತಿಮೀರಿ ಬೆಳೆಯದಂತೆ ಎರಡು ರೋವರುಗಳ ವಿಷಯದಲ್ಲಿಯೂ ಮುಂದೆ ಎಚ್ಚರ ವಹಿಸಲಾಯಿತು. ತೊಂಬತ್ತು ದಿನಗಳಿಗೆಂದು ಹೋದ ಸ್ಪಿರಿಟ್ 2010ರ ಮಾರ್ಚಿಯವರೆಗೆ ಭೂಮಿಯೊಡನೆ ಮಾತನಾಡುತ್ತಿತ್ತು.

ಹತ್ತು ವರ್ಷಗಳ ತರುವಾಯ ಆಪರ್ಚುನಿಟಿಗೂ ನೆನಪಿನ ತೊಂದರೆ ಬಂದಿತು. 2014ರ ಆಗಸ್ಟ್ ತಿಂಗಳೊಂದರಲ್ಲಿಯೇ ಅದು ಹನ್ನೆರಡು ಸಲ ರೀಸೆಟ್ ಆಯಿತು. ಪ್ರತಿ ಸಲವೂ ಚೇತರಿಸಿಕೊಳ್ಳಲು ಒಂದೆರಡು ದಿನ ಬೇಕಾಗಿ ಶೋಧನಕಾರ್ಯ ನಿಲ್ಲುತ್ತಿತ್ತು. ಈ ಸಲದ ಕಾರಣ ಬೇರೆ. ಮತ್ತೆ ಮತ್ತೆ ಬರೆದು ಅಳಿಸಿದ್ದರಿಂದ ಫ್ಲ್ಯಾಷಿನ ಕೆಲವು ಕಣಗಳು ಸವೆದುಹೋಗಿದ್ದವೆಂದು ತಂತ್ರಜ್ಞರು ಊಹಿಸಿದರು. ಫ್ಲ್ಯಾಷನ್ನು ಪೂರ್ತಿಯಾಗಿ ಅಳಿಸಿ ಹೊಸದಾಗಿ ಸಿದ್ಧಪಡಿಸಿದರೆ ಯಂತ್ರವು ಕೆಟ್ಟ ಕಣಗಳನ್ನು ಗುರುತಿಸಿ ಅವುಗಳನ್ನು ಬಿಟ್ಟು ನಡೆಯಬಲ್ಲುದು. ಹಾಗೆ ಮಾಡುವುದೆಂದು ನಿರ್ಧಾರವಾಯಿತು. ಆಗ ಆ ರೋವರ್ ಇದ್ದುದು ಸುಮಾರು 20 ಕೋಟಿ ಕಿಲೋಮೀಟರ್ ದೂರದಲ್ಲಿ.

ಈ ಕೆಲಸಕ್ಕೆ ಅವರು ನಡೆಸಿದ ಸಿದ್ಧತೆ ಗಮನಿಸಬೇಕಾದುದು. ಮೊದಲು, ಫ್ಲ್ಯಾಷಿನಲ್ಲಿ ಉಳಿದಿದ್ದ ಉಪಯುಕ್ತ ಮಾಹಿತಿಯನ್ನೆಲ್ಲ ಭೂಮಿಗೆ ತರಿಸಿಕೊಂಡರು. ಬಳಿಕ, ಅದು ಫ್ಲ್ಯಾಷನ್ನು ಬಳಸದೆಯೂ ನಡೆಯುವ ಸ್ಥಿತಿಗೆ ಅದನ್ನು ಬದಲಿಸಿದರು. ಅಳಿಸುವ ಕೆಲಸದ ನಡುವೆ ಮತ್ತೆ ರೀಸೆಟ್ ಆದರೂ ಮಾತು ನಿಲ್ಲದಿರಲೆಂದು ಸಂಪರ್ಕದ ವೇಗವನ್ನು ಕಡಿಮೆ ಮಾಡಿದರು. ಇಷ್ಟೆಲ್ಲ ಆದಮೇಲೆ ಸೆಪ್ಟೆಂಬರ್ ಮೊದಲ ವಾರದಲ್ಲಿ ಅಳಿಸುವ ಆಜ್ಞೆಯನ್ನು ಕಳುಹಿಸಿದರು. ಅಳಿಸುವುದಕ್ಕೆ ಬೇಕಾದುದು ಒಂದು ಆಜ್ಞೆ. ಅದಕ್ಕೆ ಮುಂಚಿನ ಸಿದ್ಧತೆಗೆ ಬೇಕಾದುದು ಹಲವು ದಿನ.

ಕೆಲಸವೇನೋ ಯಶಸ್ವಿಯಾಯಿತು. ಆದರೆ ತೊಂದರೆ ಪೂರ್ತಿಯಾಗಿ ತೀರಲಿಲ್ಲ. ಮುದಿಯಾದ ಫ್ಲ್ಯಾಷ್ ಮತ್ತೆ ಕೈಕೊಡತೊಡಗಿತು. ಅದರ ಏಳು ಭಾಗಗಳಲ್ಲಿ ಏಳನೆಯದನ್ನು ಬಿಟ್ಟು ನಡೆಯುವಂತೆ 2015ರಲ್ಲಿ ಏರ್ಪಾಡು ಮಾಡಿದರೂ ಮರೆವು ನಿಲ್ಲಲಿಲ್ಲ. ಕೊನೆಗೆ ತಂತ್ರಜ್ಞರು ಮರೆವಿನೊಡನೆಯೇ ಬಾಳುವುದನ್ನು ಆ ರೋವರಿಗೆ ಕಲಿಸಿದರು. ಹಗಲು ಕಂಡುದನ್ನು ರ್‍ಯಾಮಿನಲ್ಲಿ ಇಟ್ಟುಕೊಂಡು, ನಿದ್ರೆಗೆ ಜಾರುವ ಮೊದಲೇ ಎಲ್ಲವನ್ನೂ ಕಳುಹಿಸಿಬಿಡುವುದು ಅದರ ದಿನಚರಿಯಾಯಿತು. ಈ ರೀತಿ ದುಡಿಯುತ್ತ, 2018ರ ಜೂನ್ 10ರಂದು ಒಂದು ಮಹಾ ಧೂಳಿನ ಬಿರುಗಾಳಿಯಲ್ಲಿ ಅದು ಕೊನೆಯ ಸಲ ಮಾತನಾಡಿತು. ಅಷ್ಟು ಹೊತ್ತಿಗೆ ಅದು ಮಂಗಳನ ನೆಲದ ಮೇಲೆ 45 ಕಿಲೋಮೀಟರಿಗೂ ಹೆಚ್ಚು ದೂರ ಸಂಚರಿಸಿತ್ತು. ಅದರ ಕಾರ್ಯ ಮುಗಿಯಿತೆಂದು 2019ರ ಫೆಬ್ರವರಿ 13ರಂದು ನಾಸಾ ಸಾರಿತು. ಆ ರೋವರಿನ ನೆನಪು ಅಳಿದಿದ್ದರೂ ಅದು ಕಂಡುದೆಲ್ಲ ಭೂಮಿಯಲ್ಲಿ ಉಳಿದಿದೆ. ಮೊದಲ ಪ್ರತಿಯನ್ನು ಸುರಕ್ಷಿತ ಸ್ಥಳಕ್ಕೆ ತರುವ ಶಿಸ್ತಿನ ಫಲ ಇದು.

ಈ ಶಿಸ್ತು ತಪ್ಪಿದರೆ ಏನಾಗುತ್ತದೆಂಬುದನ್ನು ತೋರಿಸುವ ಪ್ರಸಂಗ ನಮ್ಮ ಭೂಮಿಯ ಮೇಲೆಯೇ ನಡೆದಿದೆ. ಗಿಟ್‌ಲ್ಯಾಬ್ ಎಂಬುದು ತಂತ್ರಾಂಶ ಬರೆಯುವವರು ತಮ್ಮ ಕೆಲಸವನ್ನು ಇಟ್ಟುಕೊಳ್ಳುವ ಒಂದು ಜಾಲತಾಣ. ಅದರ ಮಾಹಿತಿಯು ಒಂದು ಮುಖ್ಯ ಯಂತ್ರದಲ್ಲಿ ಇತ್ತು. ಅದರ ಪಡಿಯಚ್ಚು ಇನ್ನೊಂದು ಸಹಾಯಕ ಯಂತ್ರದಲ್ಲಿ ಸಿದ್ಧವಾಗುತ್ತಿತ್ತು. 2017ರ ಜನವರಿ 31ರ ರಾತ್ರಿ ಈ ಪಡಿಯಚ್ಚಿನ ಕೆಲಸ ನಿಂತುಹೋಯಿತು. ಸಹಾಯಕ ಯಂತ್ರವನ್ನು ಬರಿದು ಮಾಡಿ ಮೊದಲಿನಿಂದ ಆರಂಭಿಸಬೇಕೆಂದು ದಣಿದಿದ್ದ ತಂತ್ರಜ್ಞರೊಬ್ಬರು ಅಳಿಸುವ ಆಜ್ಞೆಯನ್ನು ಕೊಟ್ಟರು. ಆದರೆ ಅವರ ಮುಂದೆ ತೆರೆದಿದ್ದುದು ಮುಖ್ಯ ಯಂತ್ರದ ಕಿಟಕಿ. ಒಂದೆರಡು ಕ್ಷಣಗಳಲ್ಲಿ ತಪ್ಪನ್ನು ಅರಿತು ಆಜ್ಞೆಯನ್ನು ತಡೆದರೂ ಕಾಲ ಮಿಂಚಿತ್ತು. ಸುಮಾರು 300 ಗಿಗಾಬೈಟಿನಷ್ಟು ಮಾಹಿತಿಯಲ್ಲಿ ಉಳಿದಿದ್ದುದು ಐದು ಗಿಗಾಬೈಟಿಗೂ ಕಡಿಮೆ.

ಇಂತಹ ಆಪತ್ತಿಗೆಂದೇ ಅವರಲ್ಲಿ ಮಾಹಿತಿಯ ಪ್ರತಿ ಮಾಡಿಡುವ ಐದು ಬಗೆಯ ಏರ್ಪಾಡುಗಳಿದ್ದವು. ಆ ಹೊತ್ತಿಗೆ ಅವುಗಳಲ್ಲಿ ಒಂದಾದರೂ ನೆಚ್ಚುವಂತಿರಲಿಲ್ಲ. ದಿನವೂ ನಡೆಯಬೇಕಾಗಿದ್ದ ಪ್ರತಿ ತೆಗೆಯುವ ಕೆಲಸ ವಿಫಲವಾಗುತ್ತ ಬಂದಿತ್ತು. ವಿಫಲವಾಯಿತೆಂದು ತಿಳಿಸುವ ಪತ್ರಗಳೂ ಯಾರನ್ನೂ ತಲುಪುತ್ತಿರಲಿಲ್ಲ. ಅದೃಷ್ಟವಶಾತ್, ಬೇರೊಂದು ಪರೀಕ್ಷೆಗೆಂದು ಅದೇ ತಂತ್ರಜ್ಞರು ಆರು ಗಂಟೆಗಳ ಹಿಂದೆ ಒಂದು ಪ್ರತಿಯನ್ನು ತೆಗೆದಿಟ್ಟಿದ್ದರು. ಅದರಿಂದ ಜಾಲತಾಣವನ್ನು ಮತ್ತೆ ಎಬ್ಬಿಸಲು ಸುಮಾರು ಹದಿನೆಂಟು ಗಂಟೆಗಳು ಬೇಕಾದವು. ನಡುವಿನ ಆರು ಗಂಟೆಗಳಲ್ಲಿ ಜನರು ಸೇರಿಸಿದ ಮಾಹಿತಿಯಲ್ಲಿ ಬಹಳಷ್ಟು ಕಳೆದುಹೋಯಿತು. ಸಂಸ್ಥೆಯವರು ಈ ಪ್ರಮಾದವನ್ನು ಮುಚ್ಚಿಡಲಿಲ್ಲ. ದುರಸ್ತಿಯ ಕೆಲಸವನ್ನು ಎಲ್ಲರೂ ನೋಡುವಂತೆ ಪ್ರಸಾರ ಮಾಡಿ, ಕಾರಣಗಳನ್ನು ವಿವರವಾಗಿ ಪ್ರಕಟಿಸಿದರು. ಮಾಡಿಟ್ಟ ಪ್ರತಿಯನ್ನು ತೆರೆದು ಪರೀಕ್ಷಿಸದಿದ್ದರೆ ಅದು ಇದ್ದೂ ಇಲ್ಲದಂತೆ ಎಂಬುದು ಆ ರಾತ್ರಿಯ ಪಾಠ.

ಮಾಹಿತಿಯನ್ನು ಕಾಪಾಡಿಕೊಂಡ ಮೇಲೆಯೂ ಕೇಳಬೇಕಾದ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ನಾವು ಮರಳುವ ಆ 'ಮೊದಲ ಸ್ಥಿತಿ' ಯಾರದು? ಅದನ್ನು ಪ್ರಕೃತಿ ನಿರ್ಮಿಸಿದ್ದಲ್ಲ. ಎಲ್ಲಿಯೋ ಕುಳಿತ ಕೆಲವರು ತಮ್ಮ ಅನುಕೂಲಕ್ಕೂ ಅಭ್ಯಾಸಕ್ಕೂ ತಕ್ಕಂತೆ ಆರಿಸಿದ್ದು ಅದು. ಜಗತ್ತಿನ ಅಸಂಖ್ಯ ಜಾಲತಾಣಗಳು ತಮ್ಮ ಮಾಹಿತಿಯನ್ನು ಇಡಲು ಮೈಎಸ್‌ಕ್ಯೂಎಲ್ ಎಂಬ ತಂತ್ರಾಂಶವನ್ನು ಬಳಸುತ್ತವೆ. ಅದನ್ನು ಬೆಳೆಸಿದ್ದು ಸ್ವೀಡನ್ ದೇಶದ ಒಂದು ಸಂಸ್ಥೆ. ಆದಕಾರಣ ಪದಗಳನ್ನು ಅಕ್ಷರಾನುಕ್ರಮದಲ್ಲಿ ಜೋಡಿಸುವಾಗ ಬೇರೆ ಸೂಚನೆ ಇಲ್ಲದಿದ್ದರೆ ಅದು ಸ್ವೀಡಿಷ್ ಭಾಷೆಯ ಕ್ರಮವನ್ನೇ ಅನುಸರಿಸುತ್ತಿತ್ತು. ಪಶ್ಚಿಮ ಯೂರೋಪಿನ ಭಾಷೆಗಳ ಲಿಪಿಯನ್ನು ಮಾತ್ರವೇ ತಿಳಿದಿತ್ತು. 2018ರಲ್ಲಿ ಹೊರಬಂದ ಎಂಟನೆಯ ಆವೃತ್ತಿಯಲ್ಲಷ್ಟೇ ಜಗತ್ತಿನ ಎಲ್ಲ ಲಿಪಿಗಳನ್ನು ಬಲ್ಲ ಯೂನಿಕೋಡ್ ಕ್ರಮ ಅದರ ಮೊದಲ ಏರ್ಪಾಡಾಯಿತು.

ಇದು ಕನ್ನಡಿಗರಿಗೆ ಸಂಬಂಧಪಡದ ಸಂಗತಿಯೆಂದು ತಿಳಿಯಬಾರದು. ಕನ್ನಡ ಲಿಪಿಯು 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ಪಡೆದಿತ್ತು. ಆದರೂ ಯೂನಿಕೋಡನ್ನು ಅರಿಯದ ಹಳೆಯ ಏರ್ಪಾಡಿಗೆ ಕನ್ನಡದ ಬರಹವನ್ನು ಒಪ್ಪಿಸಿದಾಗ ಆದುದೇನು? ಯಂತ್ರವು ತನಗೆ ತಿಳಿಯದ ಪ್ರತಿಯೊಂದು ಸಂಕೇತದ ಜಾಗದಲ್ಲಿ ಒಂದೊಂದು ಪ್ರಶ್ನಾರ್ಥಕ ಚಿಹ್ನೆಯನ್ನು ಇಟ್ಟುಬಿಡುತ್ತಿತ್ತು. 'ಬೆಳಗು' ಎಂಬ ಪದದಲ್ಲಿ ನಮ್ಮ ಕಣ್ಣಿಗೆ ಕಾಣುವುದು ಮೂರು ಅಕ್ಷರ. ಯಂತ್ರವು ಅದನ್ನು ಬ, ಎತ್ವ, ಳ, ಗ, ಕೊಂಬು ಎಂದು ಐದು ಸಂಕೇತಗಳಾಗಿ ಎಣಿಸುತ್ತದೆ. ಆದ್ದರಿಂದ ಆ ಪದವಿದ್ದೆಡೆಯಲ್ಲಿ '?????' ಎಂದು ಐದು ಚಿಹ್ನೆಗಳು ಮಾತ್ರ ಉಳಿಯುತ್ತಿದ್ದವು. ಹಾಗೆ ಉಳಿದ ಚಿಹ್ನೆಗಳಿಂದ ಮೂಲ ಪದವನ್ನು ಮರಳಿ ಪಡೆಯುವ ಉಪಾಯವಿಲ್ಲ. ಹಳ್ಳಿಯ ಚರಿತ್ರೆಯೋ ಅಜ್ಜಿಯ ಹಾಡೋ ಯಾವುದನ್ನು ಅಲ್ಲಿ ಬರೆದಿಟ್ಟಿದ್ದರೂ ಅದು ಒಂದು ಏರ್ಪಾಡಿನ ತಪ್ಪಿನಿಂದ ಮೂಕವಾಗುತ್ತಿತ್ತು.

ಸಮಯದ ವಿಷಯವೂ ಹೀಗೆಯೇ. ಅನೇಕ ಜಾಲತಾಣಗಳ ಗಡಿಯಾರ ಮೊದಲ ಸ್ಥಿತಿಯಲ್ಲಿ ಲೋಕಸಾಮಾನ್ಯ ಕಾಲವನ್ನು ತೋರಿಸುತ್ತದೆ. ಭಾರತದ ಕಾಲ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಶಾಲೆಯೊಂದು ಜನವರಿ 26ರ ಬೆಳಿಗ್ಗೆ 5 ಗಂಟೆಗೆ ಧ್ವಜಾರೋಹಣದ ಪ್ರಕಟಣೆಯನ್ನು ತನ್ನ ಜಾಲತಾಣದಲ್ಲಿ ಹಾಕಿದರೆ, ಅದರ ಮೇಲೆ ಜನವರಿ 25, ರಾತ್ರಿ 11-30 ಎಂದು ಕಾಣುತ್ತದೆ. ಬರಹಗಳ ವಿಳಾಸವೂ ಏರ್ಪಾಡಿಗೆ ಸೇರಿದ್ದೇ. ಅದು ಮೊದಲಿನ ರೂಪಕ್ಕೆ ಮರಳಿದರೆ, ಹಳೆಯ ವಿಳಾಸವನ್ನು ಬರೆದಿಟ್ಟುಕೊಂಡವರು ಬಾಗಿಲಿಗೆ ಬಂದು ಮನೆ ಕಾಣದೆ ಹಿಂದಿರುಗಬೇಕಾಗುತ್ತದೆ. ವಿಶ್ವವ್ಯಾಪಿ ಜಾಲದ ಜನಕನಾದ ಟಿಮ್ ಬರ್ನರ್ಸ್-ಲೀ 1998ರಲ್ಲಿಯೇ ಒಂದು ಲೇಖನ ಬರೆದು, ಒಮ್ಮೆ ಕೊಟ್ಟ ವಿಳಾಸವನ್ನು ಬದಲಿಸದಿರುವುದು ಜಾಲತಾಣ ನಡೆಸುವವರ ಕರ್ತವ್ಯವೆಂದು ಪ್ರತಿಪಾದಿಸಿದನು.

ಹಾಗೆಂದು ಮೊದಲ ಸ್ಥಿತಿಗೆ ಮರಳುವುದು ಕೆಟ್ಟದ್ದೆಂದು ಹೇಳುವಂತಿಲ್ಲ. ಸ್ಪಿರಿಟ್ ರೋವರಿಗೆ ಜೀವದಾನ ಮಾಡಿದ್ದು ಅದೇ ಅಲ್ಲವೆ? ಎಲ್ಲೆಲ್ಲಿ ಏನನ್ನು ಬದಲಿಸಿದೆವೆಂಬುದೇ ಮರೆತುಹೋದಾಗ, ಪರಿಚಯವುಳ್ಳ ಒಂದು ನೆಲೆಯಿಂದ ಮತ್ತೆ ಹೊರಡುವುದೇ ಜಾಣತನ. ಆದರೆ ಹೊರಡುವ ಮೊದಲು ಕೆಲವು ಪ್ರಶ್ನೆಗಳಿಗೆ ಉತ್ತರ ಸಿದ್ಧವಾಗಿರಬೇಕು. ದೋಷದ ಕಾರಣ ತಿಳಿಯಿತೆ? ಅಳಿಯುವುದು ಯಾವುದು, ಉಳಿಯುವುದು ಯಾವುದು? ಉಳಿಯಬೇಕಾದುದರ ಪ್ರತಿ ಬೇರೊಂದೆಡೆ ಇದೆಯೆ? ಆ ಪ್ರತಿಯನ್ನು ತೆರೆದು ನೋಡಿದ್ದಾಯಿತೆ? ಮರಳಿದ ಮೇಲೆ ನಮ್ಮ ಭಾಷೆ, ನಮ್ಮ ಸಮಯ, ನಮ್ಮ ವಿಳಾಸಗಳನ್ನು ಮತ್ತೆ ಹೊಂದಿಸಲು ಬೇಕಾದ ಪಟ್ಟಿ ಕೈಯಲ್ಲಿದೆಯೆ? ಇಷ್ಟಕ್ಕೂ ಹೌದೆಂಬ ಉತ್ತರ ದೊರೆತರೆ ನಿರ್ಭಯವಾಗಿ ಗುಂಡಿಯನ್ನು ಒತ್ತಬಹುದು.

ಯಂತ್ರಕ್ಕೆ ತನ್ನ ಮೊದಲ ಸ್ಥಿತಿ ಮಾತ್ರ ಗೊತ್ತು. ಆಮೇಲೆ ಸೇರಿದುದರಲ್ಲಿ ಕಸವಾವುದು, ಬದುಕಾವುದು ಎಂದು ಅದು ಬೇರ್ಪಡಿಸಿ ನೋಡಲಾರದು. ಎರಡನ್ನೂ ಒಂದೇ ಸಮನಾಗಿ ಅಳಿಸುತ್ತದೆ. ಆ ವಿವೇಚನೆಯ ಹೊಣೆ ಅದನ್ನು ಬಳಸುವ ಮನುಷ್ಯನದು.

ಪದಗಳ ಅರ್ಥ

ಏರ್ಪಾಡು – ವ್ಯವಸ್ಥೆ
ಕಡತ – ದಾಖಲೆಗಳ ಕಟ್ಟು. ಗಣಕದಲ್ಲಿ ಒಂದು ಹೆಸರಿನಡಿ ಉಳಿಸಿದ ಮಾಹಿತಿ
ತಂತ್ರಾಂಶ – ಗಣಕವನ್ನು ನಡೆಸುವ ಆಜ್ಞೆಗಳ ಸಮೂಹ
ಪಡಿಯಚ್ಚು – ಮೂಲದಂತೆಯೇ ಇರುವ ಪ್ರತಿ
ಪ್ರಮಾದ – ತಪ್ಪು
ಕಾಲ ಮಿಂಚು – ಸಮಯ ಮೀರಿಹೋಗು

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿ.
1. 'ಡೀಫಾಲ್ಟ್' ಎಂಬ ಶಬ್ದದ ಮೂಲಾರ್ಥವೇನು?
2. ಸ್ಪಿರಿಟ್ ರೋವರ್ ಮಂಗಳನ ಯಾವ ಕುಳಿಯಲ್ಲಿ ಇಳಿಯಿತು?
3. ಕನ್ನಡ ಲಿಪಿ ಯೂನಿಕೋಡಿನಲ್ಲಿ ಯಾವ ವರ್ಷ ಸ್ಥಾನ ಪಡೆಯಿತು?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿ.
1. ಜಾಲತಾಣದ ಮೂರು ಭಾಗಗಳು ಯಾವುವು? ಮೂರನೆಯದನ್ನು ವಿಶೇಷವಾಗಿ ಕಾಪಾಡಬೇಕು, ಏಕೆ?
2. ಸ್ಪಿರಿಟ್ ಮತ್ತೆ ಮತ್ತೆ ರೀಸೆಟ್ ಆಗುತ್ತಿದ್ದುದಕ್ಕೆ ಕಾರಣವೇನು?
3. ಹಳೆಯ ಏರ್ಪಾಡಿನಲ್ಲಿ 'ಬೆಳಗು' ಎಂಬ ಪದ ಐದು ಪ್ರಶ್ನಾರ್ಥಕ ಚಿಹ್ನೆಗಳಾದುದು ಹೇಗೆ?

ಇ) ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿ.
1. ಆಪರ್ಚುನಿಟಿಯ ಫ್ಲ್ಯಾಷನ್ನು ಅಳಿಸುವ ಮೊದಲು ನಡೆಸಿದ ಸಿದ್ಧತೆಗಳನ್ನು ಗಿಟ್‌ಲ್ಯಾಬ್ ಪ್ರಸಂಗದೊಡನೆ ಹೋಲಿಸಿ.
2. 'ಮೊದಲ ಸ್ಥಿತಿಯನ್ನು ಪ್ರಕೃತಿ ನಿರ್ಮಿಸಿದ್ದಲ್ಲ' – ಈ ಮಾತನ್ನು ಪಾಠದ ನಿದರ್ಶನಗಳೊಡನೆ ಸಮರ್ಥಿಸಿ.

ಈ) ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿ.
ಮೂಲಾರ್ಥ, ಬಾಹ್ಯಾಕಾಶ, ಸೂರ್ಯೋದಯ.

ಉ) ಚಟುವಟಿಕೆ.
ನಿಮ್ಮ ಮನೆಯಲ್ಲಿರುವ ಒಂದು ಮೊಬೈಲ್ ಫೋನಿನಲ್ಲಿ ಕಳೆದುಹೋಗಬಾರದಂಥ ಚಿತ್ರ, ಧ್ವನಿ, ಬರಹಗಳು ಯಾವುವೆಂದು ಹಿರಿಯರನ್ನು ಕೇಳಿ ಪಟ್ಟಿಮಾಡಿ. ಅವುಗಳ ಪ್ರತಿ ಬೇರೆಡೆ ಇದೆಯೇ ಎಂಬುದನ್ನು ಪ್ರತಿಯೊಂದರ ಎದುರಿಗೆ ಬರೆಯಿರಿ.